ಅರವತ್ತು ಜನರ ಹಾಲು, ಆರು ಸಾಲು

ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಡಿಸೆಂಬರಿನ ಒಂದು ಸಂಜೆ ಗಣಿತದ ಕಿರುಪರೀಕ್ಷೆಯ ಹಾಳೆ ತಂದು ನನ್ನ ಮುಂದೆ ಇಟ್ಟಳು. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ, ಅದರ ಲೆಕ್ಕಕ್ಕೆ ಮೂರಕ್ಕೆ ಒಂದೇ ಅಂಕ. ಸೂತ್ರ ಸರಿಯಾಗಿಯೇ ಬರೆದಿದ್ದಳು. ಸಂಚಿತ ಆವೃತ್ತಿ, ಅಂದರೆ ಒಂದೊಂದು ವರ್ಗದ (ಗುಂಪಿನ) ಎಣಿಕೆಯನ್ನೂ ಕೂಡುತ್ತಾ ಬಂದ ಮೊತ್ತ, ಹಾಕುವ ಜಾಗದಲ್ಲಿ ಮಾತ್ರ ಎಡವಿದ್ದಳು. ಹಿಂದಿನ ವರ್ಗದ ಸಂಖ್ಯೆ ಹಾಕಬೇಕು ಅಂತ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು. "ಹಿಂದಿನದೇ ಯಾಕೆ ಅಮ್ಮ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಓದಿದ್ದು ಪಿಯುಸಿ ಆರ್ಟ್ಸ್. ಹಾಸನ ಜಿಲ್ಲೆಯ ಒಂದು ಹಳ್ಳಿಯ ಮಹಿಳಾ ಹಾಲು ಸಂಘದಲ್ಲಿ ಕೆಲಸ. ದಿನಾ ಬೆಳಗ್ಗೆ, ಸಂಜೆ ಹಾಲು ಅಳೆಯುತ್ತೇನೆ, ಫ್ಯಾಟ್ ನೋಡುತ್ತೇನೆ, ಪುಸ್ತಕ ಬರೆಯುತ್ತೇನೆ, ಬಟವಾಡೆ ಮಾಡುತ್ತೇನೆ. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಬರುತ್ತದೆ. ಆದರೆ ಆ ಪುಟದಲ್ಲಿದ್ದ ಎಲ್, ಎಫ್, ಸಿಎಫ್, ಎಚ್ ಅನ್ನುವ ಅಕ್ಷರಗಳನ್ನು ನೋಡಿದಾಗ ಬಾಯಿ ಒಣಗಿತು. ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ "ಟೀಚರ್ ಹೇಳಿದ ಹಾಗೆ ಮಾಡು" ಅನ್ನಲು ಮನಸ್ಸು ಬರಲಿಲ್ಲ.

ನಮ್ಮೂರಲ್ಲೇ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರಿದ್ದಾರೆ. ಅವರ ಮನೆಯವರು ನಮ್ಮ ಸಂಘದ ಸದಸ್ಯರು. ಬೆಳಗ್ಗೆ ಹಾಲು ತರುವುದು ಮಾತ್ರ ಮೇಷ್ಟ್ರೇ. ಮರುದಿನ ಅವರ ಕ್ಯಾನು ತೂಕಕ್ಕೆ ಇಟ್ಟುಕೊಂಡು ವಿಷಯ ಹೇಳಿದೆ. ಅವರು ಪುಸ್ತಕದ ಲೆಕ್ಕ ಕೇಳಲೇ ಇಲ್ಲ. ನನ್ನ ಮುಂದಿದ್ದ ದಿನದ ಪುಸ್ತಕಕ್ಕೆ ಬೆರಳಿಟ್ಟು, "ಇದನ್ನೇ ಗುಂಪು ಮಾಡಮ್ಮ. ಇಲ್ಲಿ ನಿನಗೆ ಒಬ್ಬೊಬ್ಬರದ್ದೂ ಗೊತ್ತು. ಗುಂಪು ಮಾಡಿದ ಮೇಲೆ ಏನು ಕಳೆದುಹೋಯ್ತು ಅಂತ ನೋಡು. ಸೂತ್ರ ಆಮೇಲೆ" ಅಂದರು.

ಆ ದಿನ ಬೆಳಗ್ಗೆ 60 ಜನ ಹಾಲು ಹಾಕಿದ್ದರು. ಅತಿ ಕಡಿಮೆ ಅಂದರೆ ಒಂದು ಲೀಟರ್ ಚಿಲ್ಲರೆ, ಅತಿ ಜಾಸ್ತಿ ಅಂದರೆ 21.5 ಲೀಟರ್. ಮಧ್ಯಾಹ್ನ ಊಟ ಆದ ಮೇಲೆ ಹಳೇ ನೋಟ್ ಬುಕ್ ತೆಗೆದು ನಾಲ್ಕು ನಾಲ್ಕು ಲೀಟರಿನ ಸಾಲು ಹಾಕಿದೆ. 0ಯಿಂದ 4, 4ರಿಂದ 8, 8ರಿಂದ 12, ಹೀಗೆ 24ರವರೆಗೆ ಆರು ಸಾಲು. ಒಬ್ಬೊಬ್ಬರ ಹಾಲಿಗೆ ಒಂದೊಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡಗೀಟು. ಕೊನೆಗೆ ಎಣಿಸಿದರೆ 61. ಒಬ್ಬರು ಜಾಸ್ತಿ!

ಮೂರು ಸಲ ಎಣಿಸಿದೆ. ಕೊನೆಗೆ ಗೊತ್ತಾಯ್ತು. ಒಬ್ಬರು ಸರಿಯಾಗಿ 8 ಲೀಟರ್ ಹಾಕಿದ್ದರು. ಅವರನ್ನು 4-8ರ ಸಾಲಿನಲ್ಲೂ ಗೀಟಿದ್ದೆ, 8-12ರ ಸಾಲಿನಲ್ಲೂ ಗೀಟಿದ್ದೆ. ಮೇಷ್ಟ್ರಿಗೆ ಫೋನ್ ಮಾಡಿದೆ. "ಕೆಳಮಿತಿ ಒಳಗೆ, ಮೇಲ್ಮಿತಿ ಹೊರಗೆ" ಅಂದರು. ಅಂದರೆ 8 ಬಂದರೆ ಅದು 8-12ಕ್ಕೆ ಸೇರಬೇಕು. ಇದು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಇದೆ. ಮಗಳು ಅದನ್ನು ಓದಿದ್ದಳು, ಆದರೆ ಅದು ಯಾಕೆ ಬೇಕು ಅಂತ ಅವಳಿಗೂ ಹೊಳೆದಿರಲಿಲ್ಲ. ಮನುಷ್ಯರನ್ನು ಎಣಿಸುವಾಗ ಒಬ್ಬರು ಎರಡು ಕಡೆ ಇರಬಾರದು, ಯಾರೂ ಬಿಟ್ಟೂ ಹೋಗಬಾರದು. ಅಷ್ಟೇ ಅಲ್ವಾ?

ತಿದ್ದಿದ ಮೇಲೆ ಕೋಷ್ಟಕ ಹೀಗಾಯ್ತು. ನಾಲ್ಕು ಲೀಟರಿಗಿಂತ ಕಡಿಮೆ 14 ಜನ. ನಾಲ್ಕರಿಂದ ಎಂಟು 22 ಜನ. ಎಂಟರಿಂದ ಹನ್ನೆರಡು 12. ಹನ್ನೆರಡರಿಂದ ಹದಿನಾರು 6. ಹದಿನಾರರಿಂದ ಇಪ್ಪತ್ತು 4. ಇಪ್ಪತ್ತರ ಮೇಲೆ 2. ಎಲ್ಲ ಕೂಡಿದರೆ 60.

ಎಂಟು ವರ್ಷದಿಂದ ಆ ಪುಸ್ತಕ ಬರೆಯುತ್ತಿದ್ದೇನೆ. ನಮ್ಮೂರಿನ ಹಾಲು ಈ ಆಕಾರದಲ್ಲಿದೆ ಅಂತ ಆವತ್ತೇ ನೋಡಿದ್ದು. ಮೇಲೆ ದಪ್ಪ, ಕೆಳಗೆ ಹೋಗ್ತಾ ಹೋಗ್ತಾ ಸಣ್ಣ. ದಿನಾ ನೋಡುವ ಅರವತ್ತು ಸಂಖ್ಯೆ ನನಗೆ ಇದನ್ನು ತೋರಿಸಿರಲಿಲ್ಲ. ಆರು ಸಾಲು ತೋರಿಸಿತು.

ಸಂಜೆ ಮಗಳು, ನಾನು ಇಬ್ಬರೂ ಕೂತೆವು. ಈಗ ಪುಸ್ತಕ ಮುಚ್ಚಿಟ್ಟು, ಬರೀ ಈ ಆರು ಸಾಲಿನಿಂದ ಒಟ್ಟು ಹಾಲು ಎಷ್ಟು ಅಂತ ಹೇಳಬೇಕು. ಹೇಗೆ ಹೇಳುವುದು? 4-8ರ ಸಾಲಿನಲ್ಲಿ 22 ಜನ ಇದ್ದಾರೆ, ಸರಿ. ಆದರೆ ಯಾರು 4.2 ಹಾಕಿದರು, ಯಾರು 7.8 ಹಾಕಿದರು ಅನ್ನುವುದು ಅಳಿಸಿಹೋಗಿದೆ. ಹಾಗಾದರೆ ಎಲ್ಲರೂ ನಡುವಿನ 6 ಲೀಟರ್ ಹಾಕಿದರು ಅಂತ ಇಟ್ಟುಕೊಳ್ಳೋಣ. ಇದೇ ಮಧ್ಯಬಿಂದು. ಶಾಲೆಯಲ್ಲಿ "ಮಧ್ಯಬಿಂದು ಕಂಡುಹಿಡಿ, ಆವೃತ್ತಿಯಿಂದ (ಅಂದರೆ ಆ ಸಾಲಿನ ಜನರ ಸಂಖ್ಯೆಯಿಂದ) ಗುಣಿಸು" ಅನ್ನುತ್ತಾರೆ. ಅದರ ಹಿಂದೆ ಒಂದು ಊಹೆ ಇದೆ ಅಂತ ಬಾಯಿ ಬಿಟ್ಟು ಹೇಳಿದರೆ ಮಕ್ಕಳಿಗೆ ಎಷ್ಟು ಸಲೀಸು!

ಲೆಕ್ಕ ಮಾಡಿದೆವು. ಹದಿನಾಲ್ಕು ಜನಕ್ಕೆ ಎರಡೆರಡು ಲೀಟರ್, 28. ಇಪ್ಪತ್ತೆರಡು ಜನಕ್ಕೆ ಆರಾರು, 132. ಹೀಗೇ 120, 84, 72, 44. ಒಟ್ಟು 480. ಅರವತ್ತರಿಂದ ಭಾಗಿಸಿದರೆ ಸರಾಸರಿ 8 ಲೀಟರ್. ಆಮೇಲೆ ದಿನದ ಪುಸ್ತಕ ತೆರೆದು ನಿಜವಾದ ಒಟ್ಟು ನೋಡಿದೆ. 462 ಲೀಟರ್. ನಿಜವಾದ ಸರಾಸರಿ 7.7.

"ಹದಿನೆಂಟು ಲೀಟರ್ ಎಲ್ಲಿಂದ ಬಂತಮ್ಮ?" ಅಂದಳು ಮಗಳು. ಹಾಲು ಅಳೆಯುವವಳಿಗೆ ಹದಿನೆಂಟು ಲೀಟರ್ ವ್ಯತ್ಯಾಸ ಸಣ್ಣದಲ್ಲ. ಹುಡುಕಿದೆವು. 4-8ರ ಸಾಲಿನ 22 ಜನ ನಿಜವಾಗಿ ಹಾಕಿದ್ದು 121 ಲೀಟರ್, ನಾವು ಹಿಡಿದದ್ದು 132. ತಲಾ 5.5 ಬರಬೇಕಾದ ಕಡೆ 6 ಹಿಡಿದಿದ್ದೆವು. 8-12ರಲ್ಲೂ ಹಾಗೇ, ಜನ ಎಂಟು ಒಂಬತ್ತರ ಹತ್ತಿರ ಗುಂಪಾಗಿದ್ದರು, ಹನ್ನೊಂದರ ಹತ್ತಿರ ವಿರಳ. ಕಡಿಮೆ ಹಾಕುವವರೇ ಜಾಸ್ತಿ ಇರುವ ಊರಿನಲ್ಲಿ ಸಾಲಿನ ಒಳಗೂ ಜನ ಕೆಳಗಿನ ಕಡೆಗೇ ವಾಲಿರುತ್ತಾರೆ. ನಡುವಿನ ಸಂಖ್ಯೆ ಹಿಡಿದರೆ ಲೆಕ್ಕ ಸ್ವಲ್ಪ ಉಬ್ಬುತ್ತದೆ. ಮೊದಲ ಸಾಲಿನಲ್ಲಿ ಮಾತ್ರ ಉಲ್ಟಾ. ಅಲ್ಲಿ ಹೆಚ್ಚಿನವರು ಮೂರರ ಆಸುಪಾಸು, ನಾವು ಎರಡು ಹಿಡಿದಿದ್ದೆವು. ಅಲ್ಲಿ ಎಂಟೂವರೆ ಲೀಟರ್ ನಾವೇ ಕಡಿಮೆ ಹಿಡಿದಿದ್ದೆವು.

ಅಂದಾಜು ಸರಾಸರಿ ವಿಧಾನ, ಹಂತ ವಿಚಲನಾ ವಿಧಾನ ಅಂತ ಇನ್ನೆರಡು ಇವೆ. ಅವು ಬೇರೆ ಉತ್ತರ ಕೊಡುವುದಿಲ್ಲ, ದಾರಿ ಮಾತ್ರ ಹಗುರ. ಎಲ್ಲರೂ 10 ಲೀಟರ್ ಹಾಕುತ್ತಾರೆ ಅಂತ ಒಂದು ಗೂಟ ನೆಟ್ಟುಕೊಂಡು, ಅಲ್ಲಿಂದ ನಾಲ್ಕು ಲೀಟರಿನ ಎಷ್ಟು ಹೆಜ್ಜೆ ಹಿಂದೆ, ಎಷ್ಟು ಹೆಜ್ಜೆ ಮುಂದೆ ಅಂತ ಎಣಿಸುವುದು. ನಮ್ಮದರಲ್ಲಿ ಹಿಂದಿನ ಹೆಜ್ಜೆ 50, ಮುಂದಿನವು 20. ಉಳಿದದ್ದು 30 ಹಿಂದಿನ ಹೆಜ್ಜೆ. ಅರವತ್ತು ಜನಕ್ಕೆ ಹಂಚಿದರೆ ತಲಾ ಅರ್ಧ ಹೆಜ್ಜೆ, ಅಂದರೆ 2 ಲೀಟರ್. ಹತ್ತರಲ್ಲಿ ಎರಡು ಕಳೆದರೆ ಮತ್ತೆ 8. ಮಗಳಿಗೆ ಇದು ತುಂಬಾ ಇಷ್ಟವಾಯ್ತು.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಮಧ್ಯಾಂಕ.

ಅರವತ್ತು ಜನರನ್ನು ಕಡಿಮೆ ಹಾಲಿನಿಂದ ಜಾಸ್ತಿ ಹಾಲಿನವರೆಗೆ ಸಾಲಾಗಿ ನಿಲ್ಲಿಸಿದ ಹಾಗೆ ಅಂದುಕೊಂಡೆವು. ನಡುವೆ ನಿಂತವರು ಎಷ್ಟು ಹಾಕಿದರು? 30ನೇ ಜಾಗಕ್ಕೆ ನಡೆದು ಹೋಗಬೇಕು. ಮೊದಲ ಸಾಲಿನ 14 ಜನರನ್ನು ದಾಟಿದೆವು. ಈಗ 4 ಲೀಟರಿನ ಗಡಿಯಲ್ಲಿ ನಿಂತಿದ್ದೇವೆ. ಇನ್ನು 16 ಜನರನ್ನು ದಾಟಬೇಕು. ಈ ಸಾಲಿನಲ್ಲಿ 22 ಜನ ಇದ್ದಾರೆ, ಅವರು ನಾಲ್ಕು ಲೀಟರಿನ ಉದ್ದಕ್ಕೂ ಸಮವಾಗಿ ನಿಂತಿದ್ದಾರೆ ಅಂತ ಇಟ್ಟುಕೊಂಡರೆ, ಇಪ್ಪತ್ತೆರಡರಲ್ಲಿ ಹದಿನಾರು ಭಾಗ ನಡೆಯಬೇಕು. ನಾಲ್ಕು ಲೀಟರಿನಲ್ಲಿ ಅದು 2.91. ನಾಲ್ಕಕ್ಕೆ ಕೂಡಿಸಿದರೆ 6.91.

ಇದನ್ನು ನಾನು ಹೇಳುತ್ತಿರುವಾಗಲೇ ಮಗಳು ತಟ್ಟನೆ ಎದ್ದು ಕೂತಳು. "ದಾಟಿ ಬಂದವರನ್ನ ಕಳೆಯೋದು! ಅದಕ್ಕೇ ಹಿಂದಿನದು!" ಅಂದಳು. ಹೌದು. ಅದೇ ವರ್ಗದ ಸಂಚಿತ ಆವೃತ್ತಿ 36 ಹಾಕಿದರೆ ಮೂವತ್ತರಲ್ಲಿ ಮೂವತ್ತಾರು ಕಳೆದ ಹಾಗೆ. ಇನ್ನೂ ದಾಟದೇ ಇರುವವರನ್ನೂ ದಾಟಿಬಿಟ್ಟ ಲೆಕ್ಕ. ಆಮೇಲೆ ಅವಳು ಈ ತಪ್ಪು ಮಾಡಿಲ್ಲ. ಸೂತ್ರ ಮರೆತರೂ ನಡೆದುಕೊಂಡು ಹೋಗಿ ಉತ್ತರ ತರುತ್ತಾಳೆ. ನನಗೆ ಆ ಸಂಜೆ ಆದ ಸಂತೋಷ ಹೇಳತೀರದು.

ಸಂಘದ ಕಂಪ್ಯೂಟರಿನಲ್ಲಿ ಆ ದಿನದ ಅಂಕಿಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ನೋಡಿದೆ. 30ನೆಯವರು 6.2, 31ನೆಯವರು 6.4. ನಿಜವಾದ ಮಧ್ಯಾಂಕ 6.3. ನಾವು ಪಡೆದದ್ದು 6.91. ಸಮವಾಗಿ ನಿಂತಿದ್ದಾರೆ ಅನ್ನುವ ಊಹೆ ಇಲ್ಲಿ ಕೈಕೊಟ್ಟಿತ್ತು. 4-8ರ ಸಾಲಿನ 22 ಜನರಲ್ಲಿ 15 ಜನ ನಾಲ್ಕರಿಂದ ಆರರ ಒಳಗೇ ಇದ್ದರು.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಸಾಲು ಕಿರಿದು ಮಾಡಿ ನೋಡು ಅಂದರು. ಎರಡೆರಡು ಲೀಟರಿನ ಸಾಲು ಹಾಕಿದೆ. ಹನ್ನೊಂದು ಸಾಲಾಯ್ತು. ಅದೇ ಲೆಕ್ಕ ಮತ್ತೆ ಮಾಡಿದರೆ ಸರಾಸರಿ 7.73, ಮಧ್ಯಾಂಕ 6.29. ಎರಡೂ ನಿಜದ ಪಕ್ಕಕ್ಕೆ ಬಂದು ನಿಂತವು. ಮರೆತದ್ದು ಕಡಿಮೆ, ಆದ್ದರಿಂದ ತಪ್ಪೂ ಕಡಿಮೆ. ಹಾಗಂತ ಅರ್ಧ ಅರ್ಧ ಲೀಟರಿನ ಸಾಲು ಮಾಡಿದರೆ ನಲವತ್ತಕ್ಕೂ ಜಾಸ್ತಿ ಸಾಲು ಬರುತ್ತವೆ, ಕೆಲವು ಖಾಲಿ, ಕೆಲವಲ್ಲಿ ಒಬ್ಬರೇ. ಆಕಾರವೇ ಕಾಣುವುದಿಲ್ಲ. ಸ್ಟರ್ಜಸ್ ಅನ್ನುವವರು 1926ರಲ್ಲಿ ಇದಕ್ಕೊಂದು ನಿಯಮ ಕೊಟ್ಟಿದ್ದಾರೆ. ಅದರ ಪ್ರಕಾರ 64 ಅಂಕಿಗಳಿಗೆ 7 ಸಾಲು, ಅಂಕಿಗಳು ಎರಡರಷ್ಟಾದರೆ ಒಂದು ಸಾಲು ಜಾಸ್ತಿ. ನಾನು ಸುಮ್ನೆ ಹಾಕಿದ ಆರು ಸಾಲು ಅದಕ್ಕೆ ಹತ್ತಿರವೇ ಇತ್ತು.

ಬಹುಲಕದ ಜೊತೆ ಮಾತ್ರ ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಕೆಲವು ಪುಸ್ತಕಗಳಲ್ಲಿ ಇದನ್ನು ರೂಢಿಬೆಲೆ ಅನ್ನುತ್ತಾರೆ, ಆ ಹೆಸರೇ ನನಗೆ ಹೆಚ್ಚು ಅರ್ಥವಾಗುತ್ತದೆ. ಅತಿ ಹೆಚ್ಚು ಸಲ ಬರುವ ಬೆಲೆ. ಆದರೆ ನಮ್ಮ ಪುಸ್ತಕದಲ್ಲಿ 4.2 ಮೂರು ಸಲ ಬಂದಿತ್ತು, 9.1 ಕೂಡ ಮೂರು ಸಲ. ಅದು ಆವತ್ತಿನ ಆಕಸ್ಮಿಕ, ಅದರಿಂದ ಏನೂ ತಿಳಿಯುವುದಿಲ್ಲ. ತೂಕದ ಯಂತ್ರ ಪಾಯಿಂಟ್ ಲೆಕ್ಕದಲ್ಲಿ ತೋರಿಸುವಾಗ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುವುದೇ ಅಪರೂಪ. ಗುಂಪು ಮಾಡಿದ ಮೇಲೇ ರೂಢಿ ಅನ್ನುವುದಕ್ಕೆ ಅರ್ಥ ಬರುತ್ತದೆ. ಅತಿ ಹೆಚ್ಚು ಜನ ಇರುವುದು 4-8ರಲ್ಲಿ. ಅದರ ಒಳಗೆ ಎಲ್ಲಿ? ಪಕ್ಕದ ಎರಡು ಸಾಲು ಅದನ್ನು ತಮ್ಮ ಕಡೆಗೆ ಎಳೆಯುತ್ತವೆ. ಕೆಳಗಿನ ಕಡೆ 14, ಮೇಲಿನ ಕಡೆ 12. ಹದಿನಾಲ್ಕರ ಎಳೆತ ಸ್ವಲ್ಪ ಜಾಸ್ತಿ, ಹಾಗಾಗಿ ನಡುವಿನ 6ಕ್ಕಿಂತ ಸ್ವಲ್ಪ ಕೆಳಗೆ, 5.78. ಹಿಸ್ಟೋಗ್ರಾಮ್, ಅಂದರೆ ಒಂದೊಂದು ಸಾಲಿಗೂ ಜನರ ಸಂಖ್ಯೆಯಷ್ಟು ಎತ್ತರದ ಕಂಬ ನಿಲ್ಲಿಸಿದ ಚಿತ್ರ, ಬರೆದು, ಎತ್ತರದ ಕಂಬದ ಎರಡು ತುದಿಗಳಿಂದ ಪಕ್ಕದ ಕಂಬಗಳ ತುದಿಗೆ ಅಡ್ಡಡ್ಡ ಗೆರೆ ಎಳೆದರೆ ಅವು ಕತ್ತರಿಸುವ ಜಾಗವೂ ಇದೇ. ಆ ಚಿತ್ರ ನೋಡಿದ ಮೇಲೆ ಸೂತ್ರ ಬಾಯಿಪಾಠ ಮಾಡುವುದು ಬೇಕಾಗಲಿಲ್ಲ.

ಆದರೆ ಎರಡೆರಡು ಲೀಟರಿನ ಸಾಲಿನಲ್ಲಿ ಇದೇ ಬಹುಲಕ 4.77ಕ್ಕೆ ಇಳಿಯಿತು. ಹಾಲು ಅದೇ, ಜನ ಅದೇ, ಸಾಲಿನ ಅಗಲ ಮಾತ್ರ ಬೇರೆ. ಇಷ್ಟು ಜಾರುವ ಸಂಖ್ಯೆಯನ್ನು ಯಾರಾದರೂ ಹೇಳಿದರೆ, ಸಾಲು ಎಷ್ಟು ಅಗಲ ಇಟ್ಟಿದ್ದಿರಿ ಅಂತ ನಾನು ಈಗ ಮೊದಲು ಕೇಳುತ್ತೇನೆ. ಪಠ್ಯದಲ್ಲಿ ಮಧ್ಯಾಂಕದ ಮೂರು ಪಟ್ಟಿನಲ್ಲಿ ಸರಾಸರಿಯ ಎರಡು ಪಟ್ಟು ಕಳೆದರೆ ಬಹುಲಕ ಅಂತ ಒಂದು ಸಂಬಂಧ ಇದೆ. ಬಹುಲಕಕ್ಕೆ ಇಂಗ್ಲಿಷಿನಲ್ಲಿ ಮೋಡ್ ಅಂತ ಹೆಸರಿಟ್ಟ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರದೇ ಅದು. ನಮ್ಮ ಆರು ಸಾಲಿಗೆ ಹಾಕಿ ನೋಡಿದರೆ 4.73 ಬಂತು, 5.78 ಅಲ್ಲ. ಮಗಳು ಲೆಕ್ಕ ತಪ್ಪಾಯ್ತು ಅಂತ ಎರಡು ಸಲ ಮಾಡಿದಳು. ತಪ್ಪಲ್ಲ. ಅದು ಸ್ವಲ್ಪವೇ ವಾಲಿದ ದತ್ತಾಂಶಗಳಲ್ಲಿ ಹೆಚ್ಚುಕಡಿಮೆ ಹೊಂದುವ ಸಂಬಂಧ. ನಮ್ಮದು ಜಾಸ್ತಿ ವಾಲಿದೆ.

ಓಜೀವ್, ಅಂದರೆ ಸಂಚಿತ ಆವೃತ್ತಿಯ ಗೆರೆ, ಬರೆಯುವಾಗ ಒಂದು ಇಡೀ ಗ್ರಾಫ್ ಹಾಳೆ ವ್ಯರ್ಥವಾಯ್ತು. ಚುಕ್ಕಿಗಳನ್ನು ಮಧ್ಯಬಿಂದುವಿನ ಮೇಲೆ ಇಟ್ಟಿದ್ದೆ. ಕಡಿಮೆ ವಿಧಾನದ ಓಜೀವ್ ಅಂದರೆ "ಇಷ್ಟಕ್ಕಿಂತ ಕಡಿಮೆ ಎಷ್ಟು ಜನ" ಅಂತ ಅಲ್ವಾ? ಎಂಟಕ್ಕಿಂತ ಕಡಿಮೆ 36 ಜನ. ಆ ಮಾತು ನಿಜವಾಗುವುದು 8ರ ಮೇಲೆ ಮಾತ್ರ, 6ರ ಮೇಲೆ ಅಲ್ಲ. ಅದಕ್ಕೇ ಮೇಲ್ಮಿತಿ. ಎರಡನೇ ಹಾಳೆಯಲ್ಲಿ ಅಧಿಕ ವಿಧಾನದ್ದನ್ನೂ, ಅಂದರೆ "ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಎಷ್ಟು ಜನ" ಅನ್ನುವುದನ್ನೂ, ಬರೆದೆವು. ಎರಡು ಗೆರೆಗಳು ಏಳಕ್ಕೆ ಸ್ವಲ್ಪ ಹಿಂದೆ ಕೂಡಿದವು. ನಡೆದು ಹೋಗಿ ಸಿಕ್ಕ ಅದೇ ಮಧ್ಯಾಂಕ.

ಇಷ್ಟು ಕಲಿತ ಮೇಲೆ ನನ್ನ ಕಣ್ಣು ಬೇರೆ ಕೋಷ್ಟಕಗಳ ಮೇಲೂ ಹೋಗತೊಡಗಿತು. ದೇಶದ ಕೃಷಿ ಗಣತಿಯಲ್ಲಿ ಹಿಡುವಳಿಗಳನ್ನು ಗುಂಪು ಮಾಡಿರುತ್ತಾರೆ. ಒಂದು ಹೆಕ್ಟೇರಿಗಿಂತ ಕಡಿಮೆ, ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಹತ್ತು, ಹತ್ತು ಮತ್ತು ಮೇಲೆ. ಸಾಲುಗಳ ಅಗಲ ಒಂದೇ ಸಮ ಇಲ್ಲ. ಇದಕ್ಕೆ ಹಿಸ್ಟೋಗ್ರಾಮ್ ಬರೆಯುವಾಗ ಜನರ ಸಂಖ್ಯೆಯನ್ನೇ ಎತ್ತರ ಮಾಡಿದರೆ ಅಗಲದ ಸಾಲು ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಸಂಖ್ಯೆಯನ್ನು ಅಗಲದಿಂದ ಭಾಗಿಸಿ ಎತ್ತರ ಇಡಬೇಕು. ಕೊನೆಯ ಸಾಲಿಗೆ ಮೇಲ್ಮಿತಿಯೇ ಇಲ್ಲ. ಮಧ್ಯಬಿಂದು ಎಲ್ಲಿಂದ ತರುವುದು? ಬರೀ ಆ ಸಾಲುಗಳಿಂದ ಸರಾಸರಿ ತೆಗೆಯಲು ಆಗುವುದಿಲ್ಲ. ಮಧ್ಯಾಂಕ ಮಾತ್ರ ಆರಾಮಾಗಿ ಬರುತ್ತದೆ, ಯಾಕೆಂದರೆ ಅಲ್ಲಿಯವರೆಗೆ ನಡೆಯುವುದೇ ಬೇಡ. 2015-16ರ ಗಣತಿಯಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಅದೇ ಗಣತಿಯಲ್ಲಿ ನೂರಕ್ಕೆ 68ಕ್ಕೂ ಹೆಚ್ಚು ಹಿಡುವಳಿಗಳು ಒಂದು ಹೆಕ್ಟೇರಿಗಿಂತ ಚಿಕ್ಕವು. ನಡುವೆ ನಿಂತ ರೈತ ಮೊದಲ ಸಾಲಿನಲ್ಲೇ ಇದ್ದಾನೆ. ಇದನ್ನು ಓದಿದಾಗ ನನ್ನ ನೋಟ್ ಬುಕ್ಕಿನ ಆರು ಸಾಲು ನೆನಪಾಯ್ತು.

ಫೆಬ್ರವರಿಯಲ್ಲಿ ನಮ್ಮ ಆಡಳಿತ ಮಂಡಳಿ ಸಭೆ ಇತ್ತು. ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟನ್ನು ಕಡಿಮೆ ದರಕ್ಕೆ ಕೊಡುವ ವಿಚಾರ. ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. "ಸರಾಸರಿಗಿಂತ ಜಾಸ್ತಿ ಹಾಲು ಹಾಕುವವರಿಗೆ ಮೊದಲು ಕೊಡೋಣ. ಸರಾಸರಿ ಎಂಟು ಇದೆಯಂತಲ್ಲ" ಅಂತ ಒಬ್ಬರು ಹೇಳಿದರು. ಕೇಳಿದರೆ ನ್ಯಾಯ ಅನ್ನಿಸುವ ಮಾತು. ಸರಾಸರಿ ಅಂದರೆ ಅರ್ಧ ಜನ ಆಚೆ, ಅರ್ಧ ಜನ ಈಚೆ ಅಂತಲೇ ಎಲ್ಲರೂ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ.

ಸಭೆಯಲ್ಲಿ ನಾನು ಮಾತಾಡುವುದು ಕಡಿಮೆ. ಆವತ್ತು ನೋಟ್ ಬುಕ್ ತೆಗೆದು ಆರು ಸಾಲು ಓದಿದೆ. ಎಂಟಕ್ಕಿಂತ ಕಡಿಮೆ ಹಾಕುವವರು 36 ಜನ, ಎಂಟು ಮತ್ತು ಮೇಲೆ ಹಾಕುವವರು 24. ಮೇಲಿನ ಆರು ಜನ ಸೇರಿ 112 ಲೀಟರ್ ಹಾಕುತ್ತಾರೆ, ಊರಿನ ಹಾಲಿನ ಹತ್ತಿರ ಹತ್ತಿರ ಕಾಲು ಭಾಗ. ಸರಾಸರಿಯನ್ನು ಮೇಲಕ್ಕೆ ಎಳೆಯುವುದು ಅವರ ಹಾಲು. ನಡುವೆ ನಿಂತವರು ಹಾಕುವುದು ಆರು ಲೀಟರ್ ಚಿಲ್ಲರೆ. ಮ್ಯಾಟ್ ಯಾರಿಗೆ ಕೊಡಬೇಕು ಅಂತ ಹೇಳುವುದು ನನ್ನ ಕೆಲಸ ಅಲ್ಲ, ಆದರೆ ಎಂಟು ಅನ್ನುವ ಗಡಿ ಇಟ್ಟರೆ ಯಾರು ಹೊರಗುಳಿಯುತ್ತಾರೆ ಅಂತ ಗೊತ್ತಿರಲಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದು ಹಾಕು, ಮುಂದಿನ ಸಭೆಯಲ್ಲಿ ತೀರ್ಮಾನ ಮಾಡೋಣ ಅಂದರು.

ಮರುದಿನ ಬೆಳಗ್ಗೆ ಹಾಲು ಹಾಕಲು ಬಂದವರೆಲ್ಲ ಬೋರ್ಡಿನ ಮುಂದೆ ನಿಂತರು. ವಯಸ್ಸಾದ ಒಬ್ಬ ಅಮ್ಮ ಖಾಲಿ ಕ್ಯಾನು ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು, "ನಂದು ಯಾವ ಸಾಲು ಕಣವ್ವ?"

ಬೋರ್ಡಿನ ಮೇಲೆ ಅವರ ಹೆಸರಿಲ್ಲ, ಹದಿನಾಲ್ಕು ಅನ್ನುವ ಸಂಖ್ಯೆ ಇದೆ. ಪುಸ್ತಕ ತಿರುವಿ ನೋಡಿದೆ. ಆ ದಿನ ಅವರು ಹಾಕಿದ್ದು 3.1 ಲೀಟರ್. "ಮೊದಲನೇ ಸಾಲು ಅಜ್ಜಿ" ಅಂದೆ.

"ಒಂದು ಹಸು ಗಬ್ಬ ಆಗಿ ಬತ್ತಿದೆ, ಅದಕ್ಕೇ. ಯುಗಾದಿ ಹೊತ್ತಿಗೆ ಕರ ಹಾಕುತ್ತೆ. ಆಮೇಲೆ ನನ್ನ ಎರಡನೇ ಸಾಲಿಗೆ ಹಾಕ್ಬೇಕು ನೀನು" ಅಂದರು.

"ಹಾಕ್ತೀನಿ ಅಜ್ಜಿ" ಅಂದೆ.